ಸಂದೇಶದ ಅಂಕಿಯೊಂದೇ ಕಾವಲಾಗದು



ಕಾಫಿ, ಅಡಿಕೆ ಮಾರಿದ ಹಣ ಇಂದು ಬ್ಯಾಂಕಿನ ಖಾತೆಗೇ ಜಮೆಯಾಗುತ್ತದೆ. ಅದಕ್ಕೆ ಕಾವಲು ಮೊಬೈಲಿಗೆ ಸಂದೇಶವಾಗಿ ಬರುವ ಒಟಿಪಿ. ವಂಚಕನು ಸುಳ್ಳು ದಾಖಲೆ ಕೊಟ್ಟು ನಮ್ಮ ನಂಬರಿಗೆ ಬದಲಿ ಸಿಮ್ ಪಡೆದರೆ ನಮ್ಮ ಸಿಮ್ ಸತ್ತು, ಒಟಿಪಿ ಅವನ ಕೈ ಸೇರುತ್ತದೆ. ಜರ್ಮನಿಯಲ್ಲಿ 2017ರಲ್ಲಿ ದೂರವಾಣಿ ಜಾಲದ ಲೋಪವನ್ನೇ ಬಳಸಿ ಇಂಥ ಸಂದೇಶಗಳನ್ನು ಕದ್ದು ಖಾತೆಗಳಿಂದ ಹಣ ದೋಚಿದರು.

ಸಿಗ್ನಲ್ ಹೋದರೆ ಪೇಟೆಯವರಿಗೆ ಕೂಡಲೇ ಅನುಮಾನ ಬರುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಅದು ನಿತ್ಯದ ಮಾತು. ಎರಡು ದಿನ ಸುಮ್ಮನಿರುತ್ತೇವೆ. ಅಪಾಯವಿರುವುದು ಇಲ್ಲೇ. ಅದೇ ಕಂಪನಿಯ ನೆರೆಯವರ ಫೋನು ನಡೆಯುತ್ತಿದ್ದು ನಮ್ಮದು ಮಾತ್ರ ನಿಂತರೆ ಕೂಡಲೇ ಕಂಪನಿಗೂ ಬ್ಯಾಂಕಿಗೂ ತಿಳಿಸಬೇಕು. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು.

ಆದರೆ ಕಾವಲಿನ ಭಾರವನ್ನೆಲ್ಲ ಬೆಳೆಗಾರನ ಹೆಗಲಿಗೇ ಹಾಕುವುದು ನ್ಯಾಯವಲ್ಲ. ಸಿಮ್ ಬದಲಾದ ಕೆಲವು ದಿನ ದೊಡ್ಡ ಮೊತ್ತದ ವರ್ಗಾವಣೆಯನ್ನು ಬ್ಯಾಂಕುಗಳೇ ತಡೆಹಿಡಿಯಲಿ.