ಹೆಸರು ಹೇಳಿದ್ದಕ್ಕೆ 25 ಪರ್ಸೆಂಟ್!

ಆಗ ಪಾಸಾಗೋಕೆ 35 ಸಾಕಿತ್ತು, ಅಂಗವಿಕಲ ಮಾಸಾಶನಕ್ಕೆ 40 ಬೇಕು!

ಯಳಂದೂರಿನಲ್ಲಿರೋ ನಮ್ಮ ದೊಡ್ಡಮ್ಮನ ಮಗನಿಗೆ ಬುದ್ಧಿ ಬೆಳವಣಿಗೆ ಕಮ್ಮಿ. 2019ರಲ್ಲಿ, ಅವನಿಗೆ 24 ವರ್ಷವಾಗಿದ್ದಾಗ, ಆಸ್ಪತ್ರೆಯೊಂದರಲ್ಲಿ "ಹೆಸರೇನಪ್ಪಾ?" ಅಂದ್ರು. ಹೇಳಿದ. ಹತ್ತರವರೆಗೆ ಎಣಿಸಿದ. 25 ಪರ್ಸೆಂಟ್ ಅಂತ ಬರೆದುಕೊಟ್ರು. ಅಷ್ಟೇ.

ಆದ್ರೆ ಆಗ ಜಾರಿಯಲ್ಲಿದ್ದ ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿಯಲ್ಲಿ ವೈನ್‌ಲ್ಯಾಂಡ್ ಮಾಪನ ಅಂತ ಒಂದಿತ್ತು. ಅದಕ್ಕೆ ಮನೆಯವರನ್ನ ಕೇಳಬೇಕು: ತಾನೇ ಸ್ನಾನ ಮಾಡ್ತಾನಾ, ದುಡ್ಡಿನ ಲೆಕ್ಕ ಗೊತ್ತಾ, ಒಬ್ಬನೇ ಕೊಳ್ಳೇಗಾಲಕ್ಕೆ ಹೋಗಿ ಬರ್ತಾನಾ... ದೊಡ್ಡಮ್ಮ ಬಾಗಿಲ ಹೊರಗೇ ಕೂತಿದ್ರು! (ಟೆಸ್ಟ್ ಮಾಡದೇ ರಿಲೀಸ್ ಮಾಡೋದು ನಮ್ಮ ಸಾಫ್ಟ್‌ವೇರ್‌ನೋರು ಮಾತ್ರ ಅಂದ್ಕೊಂಡಿದ್ದೆ.)

ಸುಳ್ಳು ಸರ್ಟಿಫಿಕೇಟ್ ತಡೆಯೋಕೆ ಬಿಗಿ ಬೇಕು ಅಂತಾರೆ. ಬೇಕು, ಒಪ್ತೀನಿ. ಎರಡು ಪ್ರಶ್ನೆ ಕೇಳಿ ಕಳಿಸೋದು ಬಿಗಿ ಅಲ್ಲ, ಅವಸರ.

"ಡಾಕ್ಟ್ರು ಬರೆದ್ಮೇಲೆ ಮುಗೀತು" ಅನ್ನೋದು ಊರಿನ ಮಾತು. ಮುಗಿದಿಲ್ಲ ಸ್ವಾಮಿ! 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 59ನೇ ಸೆಕ್ಷನ್‌ನಲ್ಲಿ ಮೇಲ್ಮನವಿಗೆ ಅವಕಾಶ ಇದೆ. ಯಾರಿಗೆ, ಎಷ್ಟು ದಿನದೊಳಗೆ ಅಂತ ಸರ್ಟಿಫಿಕೇಟಿನ ಮೇಲೇ ಕನ್ನಡದಲ್ಲಿ ಅಚ್ಚು ಹಾಕಿದ್ರೆ ಅವರ ಗಂಟೇನು ಹೋಗುತ್ತೆ? ಹೋಗೋರು ಮಗನ ಕೈಲಿ ದಿನಾ ಏನೇನು ಆಗಲ್ಲ ಅನ್ನೋದನ್ನ ಮನೇಲೇ ಬರೆದಿಟ್ಕೊಂಡು ಹೋಗಿ. ಈ ಸಲ ಅಮ್ಮನೂ ಒಳಗೆ ಕೂರಲಿ.