ವಾಚನಾಲಯದಲ್ಲಿ ಸದ್ದು

ನಮ್ಮ ತಾಲ್ಲೂಕು ಕೇಂದ್ರದ ಸಾರ್ವಜನಿಕ ಗ್ರಂಥಾಲಯದ ಬಾಗಿಲಿನ ಮೇಲೆ ಈಚೆಗೆ ಒಂದು ಹಾಳೆ ಅಂಟಿಕೊಂಡಿದೆ. ಬರುವ ನವೆಂಬರ್ ತಿಂಗಳಲ್ಲಿ ಅಲ್ಲಿ ನಡೆಯಲಿರುವ ಕಾರ್ಯಕ್ರಮಗಳ ಪಟ್ಟಿ ಅದು. ಪ್ರತಿ ಶನಿವಾರ ಮಧ್ಯಾಹ್ನ ಮಕ್ಕಳಿಗೆ ಕಥೆ. ಎರಡನೆಯ ಭಾನುವಾರ ಸಂಜೆ ಗಮಕ ವಾಚನ. 14ರಿಂದ 20ರವರೆಗೆ ಗ್ರಂಥಾಲಯ ಸಪ್ತಾಹ, ಆ ಏಳು ದಿನವೂ ಪುಸ್ತಕ ಪ್ರದರ್ಶನ. 26ರಂದು ಸಂವಿಧಾನದ ಪೀಠಿಕೆಯ ಓದು. ತಿಂಗಳ ಕೊನೆಯ ಭಾನುವಾರ 'ನಾನು ಓದಿದ ಪುಸ್ತಕ' ಎಂಬ ಹೆಸರಿನಲ್ಲಿ ಓದುಗರದೇ ಮಾತುಕತೆ. ನೀಲಿ ಮಸಿಯಲ್ಲಿ ದುಂಡಗೆ ಬರೆದ ಈ ಪಟ್ಟಿಯ ಕೆಳಗೆ ಬೇರೊಂದು ಕೈ ಪೆನ್ಸಿಲಿನಲ್ಲಿ ಒಂದು ಪ್ರಶ್ನೆಯನ್ನು ಸೇರಿಸಿದೆ: "ಹಾಗಾದರೆ ನಾವು ಓದುವುದು ಎಲ್ಲಿ?"

ಪಟ್ಟಿಯನ್ನು ಓದಿ ಸಂತೋಷಪಟ್ಟ ನಾನು ಈ ಪ್ರಶ್ನೆಯನ್ನು ಓದಿ ಸ್ವಲ್ಪ ಹೊತ್ತು ಅಲ್ಲಿಯೇ ನಿಂತೆ. ಬರೆದವರಾರೆಂದು ಊಹಿಸುವುದು ಕಷ್ಟವಲ್ಲ. ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ಜಗಲಿಯ ಮೇಲೆ ಚೀಲವಿಟ್ಟು ಕಾಯುವ ಹತ್ತು ಹದಿನೈದು ಮಂದಿ ತರುಣ ತರುಣಿಯರು ನಮ್ಮೂರಿನಲ್ಲಿದ್ದಾರೆ. ಪೊಲೀಸ್ ನೇಮಕಾತಿ, ಶಿಕ್ಷಕರ ಅರ್ಹತಾ ಪರೀಕ್ಷೆ, ಲೋಕಸೇವಾ ಆಯೋಗದ ಪರೀಕ್ಷೆ, ಹೀಗೆ ಒಂದಲ್ಲ ಒಂದು ಪರೀಕ್ಷೆಗೆ ಕಟ್ಟಿ ಕುಳಿತವರು. ಮನೆಯಲ್ಲಿ ಒಂದೇ ಕೋಣೆ, ಆ ಕೋಣೆಯಲ್ಲಿ ಟೆಲಿವಿಷನ್ನು, ಅಜ್ಜನ ಕೆಮ್ಮು, ತಂಗಿಯ ಪಾಠ. ಅಂಥವರಿಗೆ ಗ್ರಂಥಾಲಯವೆಂದರೆ ಪುಸ್ತಕವಲ್ಲ. ಪುಸ್ತಕವನ್ನು ಅವರೇ ತರುತ್ತಾರೆ. ಅವರಿಗೆ ಬೇಕಾದದ್ದು ಒಂದು ಮೇಜು, ಒಂದು ಪಂಖ, ಮತ್ತು ಯಾರೂ ಮಾತನಾಡಿಸದ ನಾಲ್ಕು ಗಂಟೆಗಳ ಕಾಲ. ಇರುವ ಒಂದೇ ಹಜಾರದಲ್ಲಿ ಮಕ್ಕಳು ಗುಂಪುಗೂಡಿ ನಕ್ಕರೆ ಅವರ ಕಾಲ ಕೆಡುತ್ತದೆ. ವಯೋಮಿತಿಯ ಅಂಚಿನಲ್ಲಿರುವವನಿಗೆ ಒಂದು ಮಧ್ಯಾಹ್ನವೂ ಸಣ್ಣದಲ್ಲ.

ಕಾರ್ಯಕ್ರಮಗಳು ಬೇಕೆನ್ನುವ ಪಕ್ಷ ನನ್ನದು. ಆದರೂ ಈ ಪೆನ್ಸಿಲಿನ ಸಾಲಿಗೆ ಉತ್ತರ ಹೇಳದೆ ಆ ಪಕ್ಷವನ್ನು ಹಿಡಿಯುವುದು ನ್ಯಾಯವಲ್ಲವೆಂದು ತೋರಿದ್ದರಿಂದ ಈ ಬರಹ.

ಮೊದಲು ಒಂದು ಮಾತು. ವಾಚನಾಲಯವೆಂದರೆ ಮೌನ ಎಂಬ ಭಾವನೆ ನಮ್ಮಲ್ಲಿ ಬಹಳ ಹಳೆಯದೇನೂ ಅಲ್ಲ. 'ವಾಚನ' ಎಂಬ ಶಬ್ದವೇ ಬಾಯಿಂದ ಹೊರಟು ಕಿವಿಗೆ ಬೀಳುವ ಕ್ರಿಯೆಯನ್ನು ಹೇಳುತ್ತದೆ. ಒಬ್ಬರು ಓದುವುದು, ಇನ್ನೊಬ್ಬರು ಅರ್ಥ ಹೇಳುವುದು, ಊರು ಕೇಳುವುದು; ಗದುಗಿನ ಭಾರತವೂ ಜೈಮಿನಿ ಭಾರತವೂ ಶತಮಾನಗಳ ಕಾಲ ಅಕ್ಷರ ಬಾರದ ಮನೆಗಳನ್ನು ಮುಟ್ಟಿದ್ದು ಹೀಗೆ. ಶಿವಮೊಗ್ಗದ ಬಳಿಯ ಹೊಸಹಳ್ಳಿಯಂಥ ಊರುಗಳಲ್ಲಿ ಗಮಕದ ಆ ಪರಂಪರೆ ಇಂದಿಗೂ ಜೀವಂತವಾಗಿದೆ. ಪುಸ್ತಕವು ತನ್ನ ಓದುಗನನ್ನು ಹುಡುಕಿಕೊಂಡು ಹೋಗಬೇಕೆಂಬ ಮಾತೂ ನಮಗೆ ಹೊಸದಲ್ಲ. ಗಳಗನಾಥರು ತಮ್ಮ ಕಾದಂಬರಿಗಳ ಹೊರೆಯನ್ನು ಹೊತ್ತು ಊರೂರು ತಿರುಗಿ ಮಾರಿದ ಸಂಗತಿಯನ್ನು ಕನ್ನಡ ಓದುಗರು ಮರೆತಿಲ್ಲ.

ಹೊರಗಿನ ನಿದರ್ಶನಗಳೂ ಇವೆ. ಬರೋಡೆಯ ಸಯಾಜಿರಾವ್ ಮಹಾರಾಜರು ಅಮೆರಿಕದಿಂದ ಬೋರ್ಡನ್ ಎಂಬವರನ್ನು ಕರೆಸಿ 1910ರ ಹೊತ್ತಿಗೆ ತಮ್ಮ ಸಂಸ್ಥಾನದಲ್ಲಿ ಗ್ರಂಥಾಲಯಗಳ ಜಾಲವನ್ನು ಕಟ್ಟತೊಡಗಿದಾಗ, ಓದು ಬಾರದ ಪ್ರಜೆಗಳಿಗಾಗಿ ಚಿತ್ರಗಳನ್ನು ತೋರಿಸಿ ತಿಳಿವಳಿಕೆ ಕೊಡುವ ಏರ್ಪಾಟನ್ನೂ ಅದೇ ಇಲಾಖೆಯೊಳಗೆ ಸೇರಿಸಿದರು. ತಮಿಳುನಾಡಿನ ಮನ್ನಾರ್ಗುಡಿಯ ಸುತ್ತಿನ ಹಳ್ಳಿಗಳಿಗೆ 1931ರಲ್ಲಿ ಎತ್ತಿನ ಗಾಡಿಯಲ್ಲಿ ಪುಸ್ತಕಗಳು ಹೋಗತೊಡಗಿದವು. ಅದೇ ವರ್ಷ ಡಾ. ಎಸ್. ಆರ್. ರಂಗನಾಥನ್ ಅವರ ಗ್ರಂಥಾಲಯ ಶಾಸ್ತ್ರದ ಪಂಚಸೂತ್ರಗಳು ಪುಸ್ತಕರೂಪದಲ್ಲಿ ಬೆಳಕು ಕಂಡವು. ಗಣಿತದ ಅಧ್ಯಾಪಕರಾಗಿದ್ದು 1924ರಲ್ಲಿ ಮದ್ರಾಸ್ ವಿಶ್ವವಿದ್ಯಾನಿಲಯದ ಗ್ರಂಥಪಾಲರಾದ ಈ ಮಹನೀಯರು ತಮ್ಮ ಕೊನೆಯ ಹದಿನೈದು ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದರು. 1962ರಲ್ಲಿ ಅಲ್ಲಿ ಗ್ರಂಥಾಲಯ ಶಾಸ್ತ್ರದ ಸಂಶೋಧನ ಕೇಂದ್ರವೊಂದನ್ನು ಸ್ಥಾಪಿಸಿ 1972ರಲ್ಲಿ ಅಲ್ಲಿಯೇ ತೀರಿಕೊಂಡರು. ಪುಸ್ತಕಗಳಿರುವುದು ಬಳಕೆಗಾಗಿ, ಪ್ರತಿ ಓದುಗನಿಗೂ ಅವನ ಪುಸ್ತಕ, ಪ್ರತಿ ಪುಸ್ತಕಕ್ಕೂ ಅದರ ಓದುಗ: ಅವರ ಮೊದಲ ಮೂರು ಸೂತ್ರಗಳ ತಾತ್ಪರ್ಯ ಇಷ್ಟು. ಮೊದಲಿನ ಎರಡನ್ನು ಎಲ್ಲರೂ ಹೇಳುತ್ತಾರೆ. ನಮ್ಮ ಬಾಗಿಲಿನ ಮೇಲಿನ ಪಟ್ಟಿಯ ಸಮರ್ಥನೆ ಇರುವುದು ಮೂರನೆಯದರಲ್ಲಿ. ಕಪಾಟಿನಲ್ಲಿ ಕುಳಿತ ಪುಸ್ತಕಕ್ಕೆ ಬಾಯಿಲ್ಲ. ಅದರ ಪರವಾಗಿ ಯಾರಾದರೂ ಮಾತನಾಡಬೇಕು.

ಆದರೆ ಮಾತನಾಡುವುದೆಂದರೇನು? ಇಲ್ಲಿಯೇ ನಮ್ಮವರು ದಾರಿ ತಪ್ಪುತ್ತಾರೆ. ಕೆಲವು ವರ್ಷಗಳ ಹಿಂದೆ ನೆರೆಯ ಊರೊಂದರ ಗ್ರಂಥಾಲಯ ಸಪ್ತಾಹಕ್ಕೆ ನಾನು ಹೋಗಿದ್ದೆ. ಹಜಾರದ ಮೇಜುಗಳನ್ನೆಲ್ಲ ಅಂಗಳಕ್ಕೆ ಹಾಕಿ, ಕಪಾಟುಗಳನ್ನು ಮುಚ್ಚುವಂತೆ ಅಡ್ಡಲಾಗಿ ಒಂದು ದೊಡ್ಡ ಬ್ಯಾನರು ಕಟ್ಟಿದ್ದರು. ಪ್ರಾರ್ಥನೆ, ಸ್ವಾಗತ, ದೀಪ, ಹಾರ, ಶಾಲು, ಹಣ್ಣಿನ ಬುಟ್ಟಿ. ಬರಬೇಕಾಗಿದ್ದ ಮುಖಂಡರು ಒಂದೂವರೆ ಗಂಟೆ ತಡವಾಗಿ ಬಂದು, ಪುಸ್ತಕವೇ ಮನುಷ್ಯನ ನಿಜವಾದ ಗೆಳೆಯನೆಂದು ಮುಕ್ಕಾಲು ಗಂಟೆ ಮಾತನಾಡಿ, ಇನ್ನೊಂದು ಸಭೆಗೆ ಹೊರಟುಹೋದರು. ಶಾಲೆಯಿಂದ ಸಾಲಾಗಿ ಕರೆತಂದ ಮಕ್ಕಳು ಬಿಸಿಲಿಗೆ ಬಾಡಿದ್ದರು. ಆ ದಿನ ಎಷ್ಟು ಪುಸ್ತಕಗಳು ಎರವಲು ಹೋದವು ಎಂದು ನಾನು ವಿಚಾರಿಸಿದೆ. ಒಂದೂ ಹೋಗಿರಲಿಲ್ಲ. ಎರವಲು ಕೊಡುವ ಮೇಜಿನ ಮೇಲೆ ತಿಂಡಿಯ ಪೊಟ್ಟಣಗಳಿದ್ದವು.

ಇಂಥ ಸಮಾರಂಭಕ್ಕೆ ವಿರೋಧವಾಗಿ ಪೆನ್ಸಿಲು ಹಿಡಿದಿದ್ದರೆ ಆ ಪೆನ್ಸಿಲಿಗೆ ನಾನೇ ಮೊನೆ ಮಾಡಿಕೊಡುತ್ತಿದ್ದೆ. ನನ್ನ ಅಳತೆಗೋಲು ಸರಳ: ಕಾರ್ಯಕ್ರಮ ಮುಗಿದು ಜನ ಮನೆಗೆ ಹೊರಟಾಗ ಕೆಲವರ ಕೈಯಲ್ಲಾದರೂ ಒಂದು ಪುಸ್ತಕವಿರಬೇಕು. ಇಲ್ಲವಾದರೆ ಅದನ್ನು ಕಲ್ಯಾಣಮಂಟಪದಲ್ಲಿ ನಡೆಸಬಹುದಾಗಿತ್ತು.

ಕೈಯಲ್ಲಿ ಪುಸ್ತಕವಿರಬೇಕಾದರೆ ಕಪಾಟಿನ ಬೀಗ ತೆಗೆದಿರಬೇಕು. ಎಷ್ಟೋ ಚಿಕ್ಕ ಊರುಗಳಲ್ಲಿ ಒಳ್ಳೆಯ ಪುಸ್ತಕಗಳೆಲ್ಲ ಗಾಜಿನ ಹಿಂದೆ, ಬೀಗದೊಳಗೆ. ಗ್ರಂಥಪಾಲರನ್ನು ಬೈಯುವುದು ಸುಲಭ. ಆದರೆ ಪುಸ್ತಕ ಕಳೆದುಹೋದರೆ ಲೆಕ್ಕ ತನಿಖೆಯಲ್ಲಿ ಉತ್ತರ ಹೇಳಬೇಕಾದವರು ಅವರು. ಹೋದ ಪುಸ್ತಕದ ಬೆಲೆಯನ್ನು ತಮ್ಮ ಸಂಬಳದಿಂದ ಕಟ್ಟಬೇಕಾದೀತೆಂಬ ಭಯವಿರುವ ಮನುಷ್ಯ ಬೀಗ ಹಾಕದೆ ಇನ್ನೇನು ಮಾಡಿಯಾನು? ವರ್ಷಕ್ಕೆ ಇಷ್ಟು ಪುಸ್ತಕ ಸವೆಯುವುದೂ ಕಳೆಯುವುದೂ ಬಳಕೆಯ ಸಹಜ ವೆಚ್ಚವೆಂದು ಮೇಲಿನವರು ಒಪ್ಪಿದ ದಿನ ಕೆಳಗಿನ ಬೀಗ ತಾನಾಗಿ ತೆರೆದೀತು.

ಈಗ ಪಟ್ಟಿಗೆ ಬರೋಣ. ಗಮಕದ ಬಗೆಗೆ ಹೇಳಿಯಾಯಿತು. ಪೀಠಿಕೆಯ ಓದು ಐದು ನಿಮಿಷದ ಕೆಲಸ; ಆ ಬಳಿಕ ಯಾರಾದರೂ ಒಂದು ವಿಧಿಯನ್ನಾದರೂ ಬಿಡಿಸಿ ಹೇಳಿದರೆ ಸಾರ್ಥಕ, ಇಲ್ಲವಾದರೆ ಅದೊಂದು ಶಿಸ್ತಿನ ವ್ಯಾಯಾಮ. ಉಳಿದ ಎರಡು ನನಗೆ ಮುಖ್ಯವಾಗಿ ಕಾಣುತ್ತವೆ.

ಶನಿವಾರದ ಕಥೆಯನ್ನು ಹಗುರವಾಗಿ ಎಣಿಸುವವರಿದ್ದಾರೆ. ನಾಲ್ಕಾರು ಶನಿವಾರ ಅಲ್ಲಿ ಕುಳಿತು ನೋಡಿದವನು ನಾನು. ಮಗು ಶಾಲೆಯಲ್ಲಿ ಕಾಣುವ ಪುಸ್ತಕ ಪ್ರಶ್ನೆ ಕೇಳುವ ಪುಸ್ತಕ. ಪಾಠದ ಕೊನೆಯಲ್ಲಿ ಬಿಟ್ಟ ಸ್ಥಳ ತುಂಬಿಸಬೇಕು, ಹೊಂದಿಸಿ ಬರೆಯಬೇಕು. ಏನನ್ನೂ ಕೇಳದೆ ಬರಿಯ ಕಥೆಯನ್ನಷ್ಟೇ ಹೇಳಿ ಸುಮ್ಮನಾಗುವ ಪುಸ್ತಕವೂ ಉಂಟೆಂದು ಅನೇಕ ಮಕ್ಕಳಿಗೆ ಗೊತ್ತಾಗುವುದೇ ಇಲ್ಲಿ. ಕಥೆ ಹೇಳುವವರು ಅರ್ಧಕ್ಕೆ ನಿಲ್ಲಿಸಿ, "ಮುಂದಿನದು ಈ ಪುಸ್ತಕದಲ್ಲಿದೆ" ಎಂದು ಅದನ್ನು ಮೇಜಿನ ಮೇಲಿಟ್ಟರೆ ನಾಲ್ಕು ಕೈಗಳು ಒಟ್ಟಿಗೆ ಚಾಚುತ್ತವೆ. ಇದು ಯಾವ ಇಲಾಖೆಯ ಸುತ್ತೋಲೆಯಿಂದಲೂ ಆಗದ ಕೆಲಸ. ಹಳ್ಳಿಗಳಲ್ಲಿಯೂ ಈ ದಿಕ್ಕಿನಲ್ಲಿ ಪ್ರಯತ್ನ ನಡೆದಿದೆಯೆಂಬುದನ್ನು ಮೆಚ್ಚಿ ಹೇಳಬೇಕು. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಪಂಚಾಯತ್ ರಾಜ್ ಇಲಾಖೆಯ ವಶಕ್ಕೆ ಬಂದವು. ಮರುವರ್ಷ, ಸಾಂಕ್ರಾಮಿಕದಿಂದ ಶಾಲೆಗಳು ಮುಚ್ಚಿದ್ದಾಗ, 'ಓದುವ ಬೆಳಕು' ಎಂಬ ಯೋಜನೆಯಲ್ಲಿ ಶಾಲಾ ಮಕ್ಕಳನ್ನು ಉಚಿತವಾಗಿ ಸದಸ್ಯರನ್ನಾಗಿ ಮಾಡಿಕೊಂಡರು. ಹೆಸರು ಮಾತ್ರವಲ್ಲ, ಕೆಲಸವೂ ಚೆನ್ನಾಗಿತ್ತು. ಹಳ್ಳಿಯ ಮಗುವಿಗೆ ದೊರೆತದ್ದು ತಾಲ್ಲೂಕಿನ ಮಗುವಿಗೆ ಬೇಡವೇ?

ಇನ್ನು 'ನಾನು ಓದಿದ ಪುಸ್ತಕ'. ಕಳೆದ ವರ್ಷ ಇಂಥದೇ ಒಂದು ಸಂಜೆ ನಿವೃತ್ತ ಬಸ್ ನಿರ್ವಾಹಕರೊಬ್ಬರು ಕಾರಂತರ 'ಮರಳಿ ಮಣ್ಣಿಗೆ'ಯ ವಿಷಯವಾಗಿ ಮಾತನಾಡಿದರು. ವಿಮರ್ಶೆಯ ಪರಿಭಾಷೆ ಒಂದೂ ಅವರ ಬಾಯಲ್ಲಿ ಬರಲಿಲ್ಲ. ಕರಾವಳಿಯ ಮಾರ್ಗದಲ್ಲಿ ದುಡಿದ ಅವರು ಆ ಮಳೆಯನ್ನು ಬಲ್ಲರು. ಊರು ಬಿಟ್ಟು ಹೋಟೆಲು ಸೇರಿದ ಹುಡುಗರು ಹಬ್ಬಕ್ಕೆ ಮರಳುವಾಗ ಅವರಿಗೆ ಚೀಟಿ ಹರಿದುಕೊಟ್ಟವರು. ಕಾದಂಬರಿಯ ಹೆಣ್ಣುಮಕ್ಕಳ ದುಡಿಮೆಯ ಮಾತು ಬಂದಾಗ ತಮ್ಮ ತಾಯಿಯನ್ನು ನೆನೆದು ಸ್ವಲ್ಪ ತಡೆದು ನಿಂತರು. ನಾನು ಆ ಕೃತಿಯನ್ನು ಮೂರು ಸಲ ಪಾಠ ಮಾಡಿದ್ದೇನೆ; ಆ ಸಂಜೆ ಕೇಳಿದ ಎರಡು ಮಾತುಗಳು ನನಗೆ ಹೊಳೆದಿರಲಿಲ್ಲ. ಗ್ರಂಥಾಲಯದಲ್ಲಿದ್ದ ಒಂದೇ ಪ್ರತಿ ಅಂದು ರಾತ್ರಿ ಹೊರಗೆ ಹೋದದ್ದು ಮೂರು ತಿಂಗಳು ಒಬ್ಬರಿಂದ ಒಬ್ಬರಿಗೆ ದಾಟುತ್ತಲೇ ಇತ್ತು. ಉಪನ್ಯಾಸಕ್ಕೆ ಪೇಟೆಯಿಂದ ವಿದ್ವಾಂಸರನ್ನು ಕರೆಸಿದ್ದರೆ ನಾವು ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತಿದ್ದೆವು. ವಿದ್ವಾಂಸರು ಬೇಡವೆಂದಲ್ಲ, ಮೊದಲನೆಯ ಸಾಲಿನಲ್ಲಿ ಕುಳಿತು ಕೇಳುವುದಾದರೆ ಅವರಿಗೂ ಸ್ವಾಗತ.

ಹಾಗಾದರೆ ಪೆನ್ಸಿಲಿನ ಪ್ರಶ್ನೆಗೆ ಉತ್ತರವೇನು? ಸದ್ದು ಮೌನಗಳಲ್ಲಿ ಒಂದನ್ನು ಆರಿಸಿ ಇನ್ನೊಂದನ್ನು ಹೊರಗೆ ಹಾಕುವುದು ಉತ್ತರವಲ್ಲ. ಕೋಣೆ ಒಂದೇ ಆದರೂ ಹೊತ್ತು ಹಲವಿವೆ. ನಮ್ಮ ಗ್ರಂಥಾಲಯ ಬೆಳಿಗ್ಗೆ ಕೆಲವು ಗಂಟೆ, ಸಂಜೆ ಕೆಲವು ಗಂಟೆ ತೆರೆದಿರುತ್ತದೆ; ನಡುವೆ ಬಾಗಿಲು ಹಾಕಿರುತ್ತದೆ. ಆ ನಡುವಿನ ಹೊತ್ತನ್ನು ಕಥೆಗೂ ಮಾತುಕತೆಗೂ ಕೊಟ್ಟು, ಬೆಳಗನ್ನೂ ರಾತ್ರಿ ಹತ್ತರವರೆಗಿನ ಹೊತ್ತನ್ನೂ ಪರೀಕ್ಷೆಯ ಮಕ್ಕಳಿಗೆ ಮೀಸಲಿಟ್ಟರೆ ಇಬ್ಬರಿಗೂ ಹೆಚ್ಚೇ ದೊರೆಯುತ್ತದೆ. ಹೇಳುವುದು ಸುಲಭ. ಬಾಗಿಲು ತೆರೆಯುವವರು ಯಾರು? ಅಲ್ಲಿರುವವರು ಒಬ್ಬರೇ ಗ್ರಂಥಪಾಲೆ. ಪಟ್ಟಿಯನ್ನು ನೀಲಿ ಮಸಿಯಲ್ಲಿ ಬರೆದವರೂ ಅವರೇ, ಕಸ ಗುಡಿಸುವವರೂ ಅವರೇ. ಅವರನ್ನು ಬೆಳಿಗ್ಗೆ ಎಂಟರಿಂದ ರಾತ್ರಿ ಹತ್ತರವರೆಗೆ ದುಡಿಸಿ ನಾವು ಸಂಸ್ಕೃತಿಯ ಮಾತಾಡುವುದು ಸಲ್ಲದು.

ಮತ್ತೊಬ್ಬರು ಬೇಕು, ಅದಕ್ಕೆ ಹಣ ಬೇಕು. ಹಣವೆಂದ ಕೂಡಲೆ ಸಭ್ಯ ಜನರು ಗೋಡೆಯನ್ನು ನೋಡುತ್ತಾರೆ. ಆದರೆ ಈ ಹಣವನ್ನು ನಾವು ಆಗಲೇ ಕೊಟ್ಟಿದ್ದೇವೆ! ಸ್ವತಂತ್ರ ಭಾರತದ ಮೊದಲ ಗ್ರಂಥಾಲಯ ಕಾನೂನು 1948ರಲ್ಲಿ ಮದ್ರಾಸಿನಲ್ಲಿ ಆಯಿತು. ನಮ್ಮದು, ಅಂದಿನ ಮೈಸೂರು ರಾಜ್ಯದ್ದು, 1965ರಲ್ಲಿ. ಅದರ ಪ್ರಕಾರ ಮನೆ ನಿವೇಶನಗಳ ತೆರಿಗೆಯ ಮೇಲೆ ಗ್ರಂಥಾಲಯ ಕರ ಸೇರುತ್ತದೆ. ಈಗ ಅದರ ಪ್ರಮಾಣ ಶೇಕಡಾ 6. ಸಾವಿರ ರೂಪಾಯಿ ತೆರಿಗೆ ಕಟ್ಟುವ ಗೃಹಸ್ಥ ಅರುವತ್ತು ರೂಪಾಯಿಯನ್ನು ಗ್ರಂಥಾಲಯಕ್ಕೆಂದೇ ಕೊಟ್ಟಿರುತ್ತಾನೆ. ಕಂದಾಯದ ರಸೀತಿಯನ್ನು ಬಿಡಿಸಿ ನೋಡಿದವರು ಕಡಿಮೆ. ನಾನೂ ಮೊನ್ನೆಯಷ್ಟೇ ನೋಡಿದ್ದು. ವಸೂಲಾದ ಈ ಕರ ಸ್ಥಳೀಯ ಸಂಸ್ಥೆಗಳಿಂದ ಗ್ರಂಥಾಲಯಕ್ಕೆ ಸಕಾಲದಲ್ಲಿ ತಲುಪದೆ ಬಾಕಿ ಬೀಳುವುದು ರಾಜ್ಯದ ಉದ್ದಗಲಕ್ಕೂ ಕೇಳಿಬರುವ ಹಳೆಯ ದೂರು. ಪುಸ್ತಕಕ್ಕೆಂದು ಕೊಟ್ಟ ಹಣ ಬೇರೊಂದು ಖಾತೆಯಲ್ಲಿ ಕಾಲ ಕಳೆಯುತ್ತದೆ. ಒಂದು ಪಂಖಕ್ಕೆ, ಒಬ್ಬ ಸಹಾಯಕನಿಗೆ ದಾರಿಯಿಲ್ಲದೆ ಹುಡುಗರೂ ಮಕ್ಕಳೂ ಒಂದು ಹಜಾರಕ್ಕಾಗಿ ಜಗಳವಾಡುತ್ತಾರೆ. ಪೆನ್ಸಿಲಿನ ಪ್ರಶ್ನೆ ಬರೆಯಬೇಕಾಗಿದ್ದುದು ಗ್ರಂಥಾಲಯದ ಬಾಗಿಲಿನ ಮೇಲಲ್ಲ.

ಮೊನ್ನೆ ಸಂಜೆ ಆ ತರುಣರೊಂದಿಗೆ ಜಗಲಿಯ ಮೇಲೆ ಕುಳಿತು ಈ ಮಾತನ್ನೆಲ್ಲ ಆಡಿದೆ. ಅವರಲ್ಲೊಬ್ಬಳು, ಪಂಚಾಯತ್ ರಾಜ್ ವ್ಯವಸ್ಥೆಯ ಮೇಲೆ ಪರೀಕ್ಷೆಗೆ ಓದುತ್ತಿದ್ದವಳು, ಕರದ ವಿಷಯ ಬರುತ್ತಲೇ ತನ್ನ ಪುಸ್ತಕವನ್ನು ಮಡಚಿಟ್ಟಳು. "ಮೇಷ್ಟ್ರೇ, ನಮ್ಮ ಊರಿನ ಬಾಕಿ ಎಷ್ಟೆಂದು ಮಾಹಿತಿ ಹಕ್ಕಿನಲ್ಲಿ ಕೇಳಬಹುದಲ್ಲ?" ಎಂದಳು. 2005ರ ಆ ಕಾನೂನಿನಲ್ಲಿ ಹತ್ತು ರೂಪಾಯಿ ಶುಲ್ಕಕ್ಕೆ ಅಂಥ ಲೆಕ್ಕ ಕೇಳಬಹುದೆಂದು ನನಗಿಂತ ಚೆನ್ನಾಗಿ ಅವಳೇ ಬಲ್ಲಳು. ಅರ್ಜಿಯನ್ನು ಅಲ್ಲಿಯೇ ಬರೆದರು. ನಾನೂ ರುಜು ಹಾಕಿದೆ. ಶನಿವಾರ ಮಧ್ಯಾಹ್ನದ ಎರಡು ಗಂಟೆಯನ್ನು ಮಕ್ಕಳಿಗೆ ಸದ್ಯಕ್ಕೆ ಬಿಟ್ಟುಕೊಡುವುದಾಗಿಯೂ, ಉತ್ತರ ಬಂದ ಮೇಲೆ ರಾತ್ರಿಯ ಹೊತ್ತನ್ನು ಕೇಳುವುದಾಗಿಯೂ ಒಪ್ಪಂದವಾಗಿದೆ. ಮೊದಲ ಶನಿವಾರದ ಕಥೆಯನ್ನು ನಾನೇ ಹೇಳಬೇಕೆಂದು ಗ್ರಂಥಪಾಲೆಯವರ ಅಪ್ಪಣೆ. ಯಾವ ಕಥೆಯೆಂದು ಇನ್ನೂ ಗೊತ್ತುಮಾಡಿಲ್ಲ. ಕಪಾಟಿನ ಬೀಗದ ಕೈಯನ್ನು ಮಾತ್ರ ಮೊದಲೇ ಕೇಳಿ ಇಟ್ಟುಕೊಂಡಿದ್ದೇನೆ.