ನಿಧಿಯೂ ಕಸವೂ

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯೊಬ್ಬಳು ಈಗ ಇಂಗ್ಲೆಂಡಿನಲ್ಲಿ ದಾದಿಯಾಗಿದ್ದಾಳೆ. ಕಳೆದ ಮಳೆಗಾಲದಲ್ಲಿ ಅವಳಿಂದ ನನಗೊಂದು ಕಾಗದ ಬಂದಿತು. ಕುಶಲವಾರ್ತೆಗಳ ಬಳಿಕ ತನ್ನ ಹನ್ನೆರಡು ವರುಷದ ಮಗನ ವಿಷಯವನ್ನು ಬರೆದಿದ್ದಳು. ಹುಡುಗನಿಗೆ ಹುಟ್ಟುಹಬ್ಬದ ಕಾಣಿಕೆಯಾಗಿ ಮೆಟಲ್ ಡಿಟೆಕ್ಟರ್ ಎಂಬ ಲೋಹಶೋಧಕ ಯಂತ್ರವೊಂದು ದೊರೆತಿದೆ. ಶನಿವಾರಗಳಲ್ಲಿ ನೆರೆಮನೆಯ ಹಿರಿಯರೊಬ್ಬರೊಡನೆ ಹೊಲಗಳಿಗೆ ಹೋಗಿ ನೆಲದಲ್ಲಿ ಹುದುಗಿದ ವಸ್ತುಗಳನ್ನು ಹುಡುಕುತ್ತಾನೆ. ಆರು ವಾರಗಳ ಪ್ರಯಾಸಕ್ಕೆ ದೊರೆತದ್ದು ಸವೆದುಹೋದ ಒಂದು ತಾಮ್ರದ ನಾಣ್ಯ. ಉಳಿದುದೆಲ್ಲವೂ ತುಕ್ಕುಹಿಡಿದ ಮೊಳೆ, ತಂತಿಯ ತುಂಡು, ಡಬ್ಬಿಯ ಮುಚ್ಚಳ, ಸೀಸದ ಚೂರು. “ಟೀಚರಮ್ಮ, ಈ ಕಸವನ್ನೆಲ್ಲಾ ಚೀಲದಲ್ಲಿ ಹೊತ್ತು ಮನೆಗೆ ತರುತ್ತಾನೆ. ಸಿಕ್ಕಿದಲ್ಲಿಯೇ ಬಿಟ್ಟು ಬಾರೆಂದರೆ, ಹಾಗೆ ಮಾಡಬಾರದೆಂದು ನನಗೇ ಬುದ್ಧಿ ಹೇಳುತ್ತಾನೆ. ಇದು ಬರಿಯ ಕಾಲಹರಣವೋ, ಇದರಲ್ಲಿ ಕಲಿಯತಕ್ಕದ್ದೇನಾದರೂ ಉಂಟೋ?” ಎಂದು ಅವಳ ಪ್ರಶ್ನೆ.

ಅವಳಿಗೆ ಆಗಲೇ ಉತ್ತರ ಬರೆದೆನು. ಆದರೆ ಮಕ್ಕಳುಳ್ಳ ಎಲ್ಲ ತಾಯ್ತಂದೆಗಳಿಗೂ ಈ ಪ್ರಶ್ನೆ ಸಂಬಂಧಪಟ್ಟದ್ದೆಂದು ತೋರಿದುದರಿಂದ ಅದನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತೇನೆ. ನನ್ನ ಅಭಿಪ್ರಾಯವಿಷ್ಟೇ: ನೆಲದಿಂದ ನಾವು ಕೈಯಾರೆ ತೆಗೆದ ವಸ್ತು ಚಿನ್ನವಾಗಲಿ ಕಸವಾಗಲಿ, ಅದರ ಹೊಣೆ ತೆಗೆದವರದು. ಆ ಹುಡುಗನು ತಾಯಿಗೆ ಹೇಳಿದ ಬುದ್ಧಿ ಸರಿಯಾದದ್ದೇ.

ಮೊದಲು ಯಂತ್ರದ ಮಾತು. ರೈಲು ನಿಲ್ದಾಣದಲ್ಲಿಯೂ ವಿಮಾನ ನಿಲ್ದಾಣದಲ್ಲಿಯೂ ನಾವು ಹಾದುಹೋಗುವ ಬಾಗಿಲಿನ ಚೌಕಟ್ಟು ಈ ಜಾತಿಯದೇ. ಕೋಲಿನ ತುದಿಯಲ್ಲಿರುವ ತಂತಿಯ ಸುರುಳಿಯಲ್ಲಿ ವಿದ್ಯುತ್ತು ಹರಿದಾಗ ಬದಲಾಗುತ್ತಿರುವ ಕಾಂತಕ್ಷೇತ್ರವೊಂದು ನೆಲದೊಳಕ್ಕೆ ಇಳಿಯುತ್ತದೆ. ಅಲ್ಲಿ ಲೋಹವಿದ್ದರೆ ಅದರಲ್ಲಿಯೂ ಸಣ್ಣ ವಿದ್ಯುತ್ ಪ್ರವಾಹ ಹುಟ್ಟಿ, ಅದರ ಮಾರುತ್ತರವನ್ನು ಯಂತ್ರವು ಗ್ರಹಿಸಿ ಕಿವಿಗೆ ಸದ್ದಾಗಿ ತಿಳಿಸುತ್ತದೆ. ಆದರೆ ಇದಕ್ಕೆ ಬೆಲೆಯ ಜ್ಞಾನವಿಲ್ಲ. ಪಾನೀಯದ ಡಬ್ಬಿಯನ್ನು ತೆರೆಯಲು ಎಳೆಯುವ ಅಲ್ಯೂಮಿನಿಯಮ್ ಕೊಂಡಿಯೂ ಚಿನ್ನದ ಉಂಗುರವೂ ಎಷ್ಟೋ ವೇಳೆ ಒಂದೇ ವಿಧವಾದ ಸದ್ದನ್ನು ಕೊಡುತ್ತವೆ. ಕಸದ ಸದ್ದೆಂದು ಬಿಟ್ಟು ನಡೆದವನು ಉಂಗುರವನ್ನೂ ಬಿಟ್ಟು ನಡೆದಾನು. ಆದಕಾರಣ ಹುಡುಕುವವನು ಕಸವನ್ನು ಅಗೆಯಲೇಬೇಕು.

ಕಸವು ಹುಡುಕಾಟವನ್ನು ಹೇಗೆ ಕೆಡಿಸುತ್ತದೆಂಬದಕ್ಕೆ ಹಳೆಯದೊಂದು ನಿದರ್ಶನವುಂಟು. 1881ರಲ್ಲಿ ಅಮೇರಿಕದ ಅಧ್ಯಕ್ಷ ಗಾರ್ಫೀಲ್ಡರಿಗೆ ಗುಂಡೇಟು ತಗಲಿದಾಗ, ದೇಹದೊಳಗಿನ ಗುಂಡನ್ನು ಪತ್ತೆಹಚ್ಚಲು ಟೆಲಿಫೋನಿನಿಂದ ಪ್ರಸಿದ್ಧರಾದ ಅಲೆಕ್ಸಾಂಡರ್ ಗ್ರಹಾಂ ಬೆಲ್ಲರು ಇಂಥದೊಂದು ಉಪಕರಣವನ್ನು ತಂದರು. ಗುಂಡು ಸಿಗಲಿಲ್ಲ. ಹಾಸಿಗೆಯೊಳಗಿನ ಉಕ್ಕಿನ ಸುರುಳಿಗಳ ಸದ್ದು ಅವರನ್ನು ತಪ್ಪುದಾರಿಗೆಳೆಯಿತೆಂದು ಹೇಳುತ್ತಾರೆ. ಅದೇ ವರುಷದ ಸೆಪ್ಟೆಂಬರದಲ್ಲಿ ಅಧ್ಯಕ್ಷರು ತೀರಿಕೊಂಡರು.

ಇಂಗ್ಲೆಂಡಿನಲ್ಲಿ ಈ ಹವ್ಯಾಸಕ್ಕೆ ಒಳ್ಳೆಯ ಹೆಸರನ್ನು ತಂದ ಸಂಗತಿಯೊಂದನ್ನು ಹೇಳುವೆನು. 1992ನೆಯ ನವೆಂಬರದಲ್ಲಿ ಸಫೊಕ್ ಪ್ರಾಂತದ ಹಾಕ್ಸನ್ ಎಂಬ ಹಳ್ಳಿಯಲ್ಲಿ ರೈತನೊಬ್ಬನ ಸುತ್ತಿಗೆ ಹೊಲದಲ್ಲಿ ಕಳೆದುಹೋಯಿತು. ಅದನ್ನು ಹುಡುಕಿಕೊಡಲು ಆತನ ಸ್ನೇಹಿತ ಎರಿಕ್ ಲಾಸ್ ಎಂಬವರು ತಮ್ಮ ಯಂತ್ರದೊಡನೆ ಹೋದರು. ಸುತ್ತಿಗೆಗಿಂತ ಮೊದಲು ಬೆಳ್ಳಿಯ ಚಮಚಗಳೂ ಚಿನ್ನದ ಒಡವೆಗಳೂ ನಾಣ್ಯಗಳೂ ಕಂಡವು. ಕೆಲವನ್ನು ತೆಗೆದೊಡನೆ ಲಾಸರು ಅಗೆಯುವದನ್ನು ನಿಲ್ಲಿಸಿ, ನೆಲದ ಒಡೆತನವುಳ್ಳ ಪ್ರಾಂತಾಡಳಿತಕ್ಕೂ ಪೋಲೀಸರಿಗೂ ಸುದ್ದಿ ಮುಟ್ಟಿಸಿದರು. ಮರುದಿವಸವೇ ಪುರಾತತ್ವಜ್ಞರು ಬಂದು ಕ್ರಮವಾಗಿ ಅಗೆದರು. ಸುಮಾರು 15,000 ರೋಮನ್ ನಾಣ್ಯಗಳು ದೊರೆತವು. ನಾಣ್ಯಗಳಿಗಿಂತ ಹೆಚ್ಚಿನದೊಂದೂ ದೊರೆಯಿತು: ಆ ಸಂಪತ್ತನ್ನು ಯಾವ ಪೆಟ್ಟಿಗೆಯಲ್ಲಿ, ಯಾವ ಕ್ರಮದಲ್ಲಿ ಜೋಡಿಸಿಟ್ಟಿದ್ದರೆಂಬ ವಿವರ. ಲಾಸರು ಆಸೆಯಿಂದ ಬಗೆದುಬಿಟ್ಟಿದ್ದರೆ ನಾಣ್ಯಗಳು ಉಳಿಯುತ್ತಿದ್ದವು, ಆ ವಿವರವು ನಾಶವಾಗುತ್ತಿತ್ತು. ಸರಕಾರವು ಕೊಟ್ಟ 17 ಲಕ್ಷ 50 ಸಾವಿರ ಪೌಂಡುಗಳನ್ನು ಅವರು ರೈತನೊಡನೆ ಹಂಚಿಕೊಂಡರು. ಕಳೆದುಹೋದ ಸುತ್ತಿಗೆಯೂ ಸಿಕ್ಕಿತು. ಅದೂ ಈಗ ಬ್ರಿಟಿಷ್ ಮ್ಯೂಸಿಯಮಿಗೆ ಸೇರಿದೆ.

ಇದಕ್ಕೆ ವಿರುದ್ಧವಾದ ಸಂಗತಿ 2015ರಲ್ಲಿ ನಡೆಯಿತು. ಹೆರಿಫರ್ಡ್ ಪ್ರಾಂತದ ಹೊಲವೊಂದರಲ್ಲಿ ಇಬ್ಬರಿಗೆ ವೈಕಿಂಗರ ಕಾಲದ ಒಡವೆಗಳೂ ನಾಣ್ಯಗಳೂ ಸಿಕ್ಕಿದವು. ಅವರು ಯಾರಿಗೂ ತಿಳಿಸದೆ ಗುಟ್ಟಾಗಿ ಮಾರತೊಡಗಿದರು. 2019ರಲ್ಲಿ ಇಬ್ಬರಿಗೂ ಸೆರೆಮನೆಯ ಶಿಕ್ಷೆಯಾಯಿತು. ಸುಮಾರು 300 ನಾಣ್ಯಗಳಿದ್ದಿರಬೇಕೆಂದು ಅಂದಾಜು. ಅಧಿಕಾರಿಗಳ ಕೈಗೆ ಬಂದದ್ದು ಸ್ವಲ್ಪವೇ. ಒಂಬತ್ತನೆಯ ಶತಮಾನದ ಇಬ್ಬರು ಅರಸರ ಮೈತ್ರಿಯನ್ನು ತಿಳಿಸುವ ಅಪೂರ್ವ ನಾಣ್ಯಗಳು ಅವುಗಳಲ್ಲಿದ್ದವು. ಚದರಿಹೋದವುಗಳೊಡನೆ ಒಂದು ದೇಶದ ಚರಿತ್ರೆಯ ಎಷ್ಟು ಪುಟಗಳು ಹೋದವೋ!

ಆ ದೇಶದ ಕಟ್ಟಳೆ ಸ್ಪಷ್ಟವಾಗಿದೆ. ನೆಲದ ಒಡೆಯನ ಅಪ್ಪಣೆಯಿಲ್ಲದೆ ಹುಡುಕಬಾರದು. ರಕ್ಷಿತ ಸ್ಥಳಗಳಲ್ಲಿ ಯಂತ್ರವನ್ನು ಹಿಡಿಯಲೇಬಾರದು. 1996ರ ನಿಧಿ ಕಾನೂನಿನ ಪ್ರಕಾರ ನಿಧಿ ಸಿಕ್ಕಿದವರು 14 ದಿವಸಗಳೊಳಗೆ ಕಾರೊನರ್ ಎಂಬ ಅಧಿಕಾರಿಗೆ ತಿಳಿಸಬೇಕು. ನಿಧಿಯಲ್ಲದ ಸಣ್ಣ ವಸ್ತುಗಳನ್ನು ಸ್ವಇಚ್ಛೆಯಿಂದ ದಾಖಲು ಮಾಡಿಸಲು 1997ರಿಂದ ಬೇರೊಂದು ಏರ್ಪಾಡುಂಟು. ಗುಂಡಿ, ಕೊಕ್ಕೆ, ತೂಕದ ಕಲ್ಲು, ಸವೆದ ನಾಣ್ಯ ಮುಂತಾದ 15 ಲಕ್ಷಕ್ಕೂ ಮಿಕ್ಕಿದ ವಸ್ತುಗಳು ಅಲ್ಲಿ ದಾಖಲಾಗಿವೆ. ನಮ್ಮ ಹುಡುಗನ ತಾಮ್ರದ ನಾಣ್ಯಕ್ಕೂ ಅಲ್ಲಿ ಸ್ಥಳವಿದ್ದೀತು. ಅವನು ಅದನ್ನು ತಿಕ್ಕಿ ಹೊಳಪು ಮಾಡದೆ, ಸಿಕ್ಕಿದ ಜಾಗವನ್ನು ಬರೆದಿಟ್ಟುಕೊಂಡರೆ ಸಾಕು.

ಆದರೆ ನಿಧಿ ಸಿಕ್ಕುವದು ಸಾವಿರದಲ್ಲೊಬ್ಬರಿಗೆ. ಕಸವೋ ಪ್ರತಿಯೊಬ್ಬರಿಗೂ ಪ್ರತಿದಿನವೂ. ನಿಧಿಯ ವಿಷಯದಲ್ಲಿ ಕಾನೂನು ಕಾವಲಿರುತ್ತದೆ, ಪತ್ರಿಕೆಗಳು ಹೊಗಳುತ್ತವೆ. ತುಕ್ಕುಹಿಡಿದ ಮೊಳೆಯ ವಿಷಯದಲ್ಲಿ ಯಾರೂ ನೋಡುವದಿಲ್ಲ. ಆದದರಿಂದಲೇ ಅದನ್ನು ಕುರಿತು ಹೆಚ್ಚಾಗಿ ಹೇಳಬೇಕೆಂದಿದ್ದೇನೆ.

ನಾಲ್ಕು ವರುಷಗಳ ಹಿಂದೆ ನಮ್ಮ ಶಾಲೆಯ ಹಿಂದಣ ಬಯಲಿನಲ್ಲಿ ಸಸಿಗಳನ್ನು ನೆಡಲು ಗುಂಡಿಗಳನ್ನು ತೋಡಿದೆವು. ಹುಡುಗಿಯರು ಉತ್ಸಾಹದಿಂದ ಕೆಲಸಮಾಡಿದರು. ಮಣ್ಣಿನೊಳಗಿಂದ ಮುರಿದ ಬಿಜಾಗರಿ, ಲೇಖನಿಯ ಮುಳ್ಳು, ಬಾಟ್ಲಿಯ ಕತ್ತು, ಮಾಡಿನ ತಗಡಿನ ಚೂರು ಹೊರಬಂದವು. ಒಬ್ಬಳಿಗೆ ಹಳೆಯ ಕಾಲಾಣೆಯೊಂದು ಸಿಕ್ಕಿತು. ಎಲ್ಲರೂ ಓಡಿಬಂದು ನೋಡಿದರು. ನಾನು ಅದನ್ನು ಕಾಗದದಲ್ಲಿ ಸುತ್ತಿ ನನ್ನ ಬೀರುವಿನಲ್ಲಿಟ್ಟೆನು. ಉಳಿದುದನ್ನು ಗುಂಡಿಯ ಪಕ್ಕದಲ್ಲಿಯೇ ರಾಶಿಹಾಕಿ ಬಿಟ್ಟೆವು. ಆಳು ಬಂದಾಗ ತೆಗೆಯಲೆಂದು ಇದ್ದುಬಿಟ್ಟೆನು. ನಾಲ್ಕನೆಯ ದಿವಸ ಏಳನೆಯ ತರಗತಿಯ ಹುಡುಗಿಯೊಬ್ಬಳು ಚೆಂಡಿನ ಹಿಂದೆ ಬರಿಗಾಲಿನಲ್ಲಿ ಓಡಿ ಆ ತಗಡನ್ನು ತುಳಿದಳು. ಅಂಗಾಲಿಗೆ ಹೊಲಿಗೆ ಹಾಕಿಸಿ, ಧನುರ್ವಾಯು ಬಾರದಂತೆ ಚುಚ್ಚುಮದ್ದು ಕೊಡಿಸಬೇಕಾಯಿತು. ಸಾಯಂಕಾಲ ಅವಳ ತಾಯಿ ಬಂದರು. ಬೈಯಲಿಲ್ಲ. “ತಗಡು ಅಲ್ಲಿಗೆ ಹೇಗೆ ಬಂತಮ್ಮಾ?” ಎಂದು ಮಾತ್ರ ಕೇಳಿದರು. ನೆಲದಲ್ಲಿತ್ತೆಂದು ಹೇಳಲು ನನಗೆ ಬಾಯಿ ಬರಲಿಲ್ಲ. ನೆಲದೊಳಗೆ ಅದು ಎಷ್ಟೋ ವರುಷ ಯಾರನ್ನೂ ನೋಯಿಸದೆ ಬಿದ್ದಿತ್ತು. ಮೇಲಕ್ಕೆ ತಂದು ಇಟ್ಟವರು ನಾವು. ಕಾಲಾಣೆಗೆ ಬೀರು ಇತ್ತು, ತಗಡಿಗೆ ಒಂದು ಬುಟ್ಟಿಯೂ ಇರಲಿಲ್ಲ. ಆ ತಪ್ಪು ನನ್ನದು.

ಹೊಲದಲ್ಲಿ ಬಿಟ್ಟ ಕಸದಿಂದ ಮನುಷ್ಯರಿಗೆ ಮಾತ್ರವಲ್ಲದೆ ದನಗಳಿಗೂ ಕೇಡು. ಹಸುವು ಮೇವನ್ನು ಜಗಿದು ಆರಿಸಿ ತಿನ್ನುವ ಪ್ರಾಣಿಯಲ್ಲ. ಹುಲ್ಲಿನೊಡನೆ ಮೊಳೆ, ತಂತಿಗಳನ್ನೂ ನುಂಗಿಬಿಡುತ್ತದೆ. ಅವು ಹೊಟ್ಟೆಯ ಎರಡನೆಯ ಅಂಕಣದಲ್ಲಿ ನಿಂತು, ಅದು ಸಂಕೋಚಿಸಿದಾಗ ಗೋಡೆಯನ್ನು ಚುಚ್ಚಿ, ಕೆಲವೊಮ್ಮೆ ಹೃದಯದ ಪೊರೆಯನ್ನೂ ಮುಟ್ಟುತ್ತವೆ. ಹಸುವು ಮೇವು ಬಿಟ್ಟು, ಬೆನ್ನು ಡೊಂಕಾಗಿಸಿ ನರಳುತ್ತದೆ, ಹಾಲು ಬತ್ತುತ್ತದೆ. ಪಶ್ಚಿಮ ದೇಶಗಳ ಗೋಶಾಲೆಗಳಲ್ಲಿ ಇದಕ್ಕಾಗಿಯೇ ಹಸುವಿಗೆ ಅಯಸ್ಕಾಂತದ ತುಂಡನ್ನು ನುಂಗಿಸುವ ಪದ್ಧತಿಯುಂಟು. ಕಬ್ಬಿಣವೆಲ್ಲ ಅದಕ್ಕಂಟಿಕೊಂಡು ಅಲ್ಲಿಯೇ ನಿಲ್ಲುತ್ತದೆ. ಹಸುವನ್ನು ಸಾಕಿ ಮಕ್ಕಳನ್ನು ಓದಿಸುವ ಮನೆಗಳು ನಮ್ಮಲ್ಲಿ ಎಷ್ಟಿಲ್ಲ? ಒಂದು ಗೇಣು ತಂತಿಯ ಬೆಲೆ ಅಂಥ ಮನೆಗಳಿಗೆ ಗೊತ್ತು.

ಆದಕಾರಣ ಒಳ್ಳೆಯ ಶೋಧಕರು ಅನುಸರಿಸುವ ಕ್ರಮವು ಎಲ್ಲರೂ ಕಲಿಯತಕ್ಕದ್ದು. ಹುಲ್ಲುನೆಲವಾದರೆ ಮೂರು ಕಡೆ ಮಾತ್ರ ಕತ್ತರಿಸಿ ಹುಲ್ಲಿನ ಹೆಪ್ಪನ್ನು ಪುಸ್ತಕದ ರಟ್ಟಿನಂತೆ ಮಗುಚುತ್ತಾರೆ. ಮಣ್ಣನ್ನು ಬಟ್ಟೆಯ ಮೇಲೆ ಹಾಕುತ್ತಾರೆ. ವಸ್ತುವನ್ನು ತೆಗೆದ ಮೇಲೆ ಕುಳಿಯನ್ನು ಮತ್ತೊಮ್ಮೆ ಪರೀಕ್ಷಿಸಿ, ಮಣ್ಣನ್ನು ತುಂಬಿ, ಹುಲ್ಲನ್ನು ಮುಚ್ಚಿ ಕಾಲಿನಿಂದ ಅದುಮುತ್ತಾರೆ. ಚೀಲದಲ್ಲಿ ಎರಡು ಅರೆಗಳಿರುತ್ತವೆ, ಒಂದು ದೊರೆತ ವಸ್ತುಗಳಿಗೆ, ಇನ್ನೊಂದು ಕಸಕ್ಕೆ. ಗಾಜಿಗೂ ಮೊನಚಾದುದಕ್ಕೂ ದಪ್ಪ ಡಬ್ಬಿ. ಕೈಗೆ ಚೀಲ ತೊಟ್ಟಿರುತ್ತಾರೆ. ಸೀಸವನ್ನು ಮುಟ್ಟಿದ ಕೈಯನ್ನು ತೊಳೆಯದೆ ಉಣ್ಣುವದಿಲ್ಲ. ದಿನದ ಕೊನೆಯಲ್ಲಿ ಚೀಲವನ್ನು ಹೊಲದ ಒಡೆಯನಿಗೆ ತೋರಿಸುತ್ತಾರೆ. ಕಸವನ್ನು ಬೇಲಿಯಾಚೆ ಎಸೆಯುವದಿಲ್ಲ. ಮನೆಗೆ ತಂದು ಬೇರ್ಪಡಿಸಿ, ಲೋಹವನ್ನು ಗುಜರಿಗೂ, ಸೋರುವ ಬ್ಯಾಟರಿಗಳನ್ನು ಅವಕ್ಕೆಂದೇ ಇಟ್ಟ ತೊಟ್ಟಿಗೂ ಹಾಕುತ್ತಾರೆ.

ಮನೆಗೆ ತರಬಾರದ ವಸ್ತು ಒಂದೇ. ಇಂಗ್ಲೆಂಡಿನ ನೆಲದಲ್ಲಿ ಎರಡು ಮಹಾಯುದ್ಧಗಳ ಸಿಡಿಯದ ಗುಂಡುಗಳು ಈಗಲೂ ಸಿಕ್ಕುತ್ತವೆ. ಅಂಥದು ಕಂಡರೆ ಮುಟ್ಟದೆ, ಗುರುತಿಟ್ಟು, ದೂರ ಸರಿದು ಪೋಲೀಸರಿಗೆ ತಿಳಿಸತಕ್ಕದ್ದು. ಮಕ್ಕಳಿಗೆ ಇದನ್ನು ಎಲ್ಲಕ್ಕಿಂತ ಮೊದಲು ಕಲಿಸಬೇಕು.

ನಮ್ಮ ನಾಡಿನಲ್ಲಿಯೂ ಮಕ್ಕಳಿಗೆ ಈ ಯಂತ್ರವನ್ನು ಕೊಡಿಸಿರೆಂದು ನಾನು ಹೇಳುವದಿಲ್ಲ. ನಿಧಿಯ ಆಸೆಯಿಂದ ರಾತ್ರಿಯಲ್ಲಿ ಹಾಳುಗುಡಿಗಳ ಪೀಠಗಳನ್ನು ಕಿತ್ತು, ವಿಗ್ರಹಗಳನ್ನು ಒಡೆದ ಗುರುತುಗಳನ್ನು ನಮ್ಮಲ್ಲಿ ಯಾರು ನೋಡಿಲ್ಲ? 1958ರ ಕಾನೂನಿನಂತೆ ರಕ್ಷಿತ ಸ್ಮಾರಕಗಳ ಸ್ಥಳದಲ್ಲಿ ಅಪ್ಪಣೆಯಿಲ್ಲದೆ ಅಗೆಯುವದು ಅಪರಾಧ. ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕಿದವರು ಕಲೆಕ್ಟರರಿಗೆ ತಿಳಿಸಬೇಕೆಂದು 1878ರಷ್ಟು ಹಿಂದೆಯೇ ಕಾನೂನಾಗಿತ್ತು. ಆದರೆ ಯಂತ್ರವಿಲ್ಲದೆಯೂ ನಾವು ಅಗೆಯುತ್ತಲೇ ಇದ್ದೇವೆ. ಮನೆಗೆ ಪಾಯ ತೋಡುತ್ತೇವೆ, ಬಾವಿ ಕೆರೆಗಳ ಹೂಳೆತ್ತುತ್ತೇವೆ, ತೆಂಗಿಗೆ ಗುಂಡಿ ತೆಗೆಯುತ್ತೇವೆ. ಆಗ ಮೇಲೆ ಬಂದ ಗಾಜು, ತಗಡು, ತಂತಿಗಳನ್ನು ದಾರಿಯ ಬದಿಗೆ ಸುರಿದು ಕೈತೊಳೆದುಕೊಳ್ಳುತ್ತೇವೆ. ನಮ್ಮ ಅಂಗಳವು ಶುದ್ಧವಾಯಿತು. ದಾರಿಯಲ್ಲಿ ನಡೆಯುವ ಮಗುವಿನ ಪಾದ ಯಾರದು?

ಹೆಣ್ಣುಮಕ್ಕಳಿಗೆ ಕಸ ಗುಡಿಸುವದನ್ನು ನಾವು ಚಿಕ್ಕಂದಿನಲ್ಲಿಯೇ ಕಲಿಸುತ್ತೇವೆ. ಗುಡಿಸಿದುದನ್ನು ಎಲ್ಲಿ ಹಾಕಬೇಕೆಂಬದನ್ನು ಹೆಣ್ಣುಮಕ್ಕಳಿಗೂ ಗಂಡುಮಕ್ಕಳಿಗೂ ಅಷ್ಟೇ ಶ್ರದ್ಧೆಯಿಂದ ಕಲಿಸಿದ್ದೇವೆಯೇ ಎಂದು ತಾಯ್ತಂದೆಗಳು ಆಲೋಚಿಸಬೇಕೆಂದು ಬೇಡುತ್ತೇನೆ. ನಮ್ಮ ಶಾಲೆಯಲ್ಲಿ ಈಗ ಗುದ್ದಲಿಯೊಡನೆ ಎರಡು ಬುಟ್ಟಿಗಳನ್ನೂ ತೆಗೆದುಕೊಂಡು ಹೋಗದೆ ಯಾರೂ ನೆಲಕ್ಕೆ ಕೈಹಾಕುವದಿಲ್ಲ. ಗಾಯಗೊಂಡಿದ್ದ ಆ ಹುಡುಗಿಯೇ, ಈಗ ಹತ್ತನೆಯ ತರಗತಿಯವಳು, ಆ ಬುಟ್ಟಿಗಳ ಮೇಲ್ವಿಚಾರಣೆ ನೋಡುತ್ತಾಳೆ.

ಇಂಗ್ಲೆಂಡಿನಲ್ಲಿರುವ ನನ್ನ ವಿದ್ಯಾರ್ಥಿನಿಗೆ ನಾನು ಬರೆದದ್ದು ಇಷ್ಟು: “ನಿನ್ನ ಮಗನಿಗೆ ಎಂದಾದರೂ ಚಿನ್ನ ಸಿಕ್ಕೀತೋ ಇಲ್ಲವೋ ಅರಿಯೆ. ಸಿಕ್ಕಿದರೆ ಅವನು ಅದನ್ನು ಬಚ್ಚಿಡಲಾರನೆಂಬ ಭರವಸೆ ನನಗೆ ಆ ಮೊಳೆಗಳ ಚೀಲದಿಂದ ಹುಟ್ಟಿದೆ. ಚೀಲವನ್ನು ಇಡಲು ಬಾಗಿಲ ಬಳಿ ಅವನಿಗೊಂದು ಮೂಲೆಯನ್ನು ಮಾಡಿಕೊಡು.” ಅವಳ ಮರು ಉತ್ತರ ಬಂದಿದೆ. ಮೂಲೆ ಸಿದ್ಧವಾಗಿದೆಯಂತೆ, ಮೊದಲ ಗುಜರಿಗೆ ದೊರೆತ ಹಣದಲ್ಲಿ ಹುಡುಗನು ತಾಯಿಗೆ ಒಂದು ಜತೆ ತೋಟದ ಕೈಚೀಲಗಳನ್ನು ಕೊಂಡುತಂದಿದ್ದಾನಂತೆ.